ಪಕ್ಷೇತರ ಅಭ್ಯರ್ಥಿಯೂ ಎರಡು ರಾಹುಕಾಲವೂ

ಚುನಾವಣೆ ನಡೆಸುವುದನ್ನು ಹುಬ್ಬಳ್ಳಿಯವನಿಗೆ ಯಾರೂ ಕಲಿಸಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಒಂಬತ್ತನೇ ವಯಸ್ಸಿಗೇ ನಮ್ಮ ಓಣಿಯ ಕಾರ್ಪೊರೇಶನ್ ಉಮೇದುವಾರರ ಜೀಪಿನಲ್ಲಿ ಕೂತು, ಮೈಕು ಹಿಡಿದು, ಗಂಟಲು ಹರಿಯುವಂತೆ ಕೂಗಿದವನು ನಾನು. ಆ ಉಮೇದುವಾರರ ಠೇವಣಿ ಹೋಯಿತೆಂಬ ಸಂಗತಿ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಆತ್ಮವಿಶ್ವಾಸ ಚೆನ್ನಾಗಿ ಬೇರು ಬಿಟ್ಟಿತ್ತು.

ಹೀಗಾಗಿ 2012ರ ಚಳಿಗಾಲಕ್ಕೆ ಮುಂಚೆ ಸರೋಜಮ್ಮನವರು ಟೊರಾಂಟೊದ ನಮ್ಮ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ಪಕ್ಷೇತರರಾಗಿ ನಿಲ್ಲುವುದಾಗಿ ಹೇಳಿದಾಗ, "ಪ್ರಚಾರದ ಜವಾಬ್ದಾರಿ ನನಗೆ ಬಿಡ್ರಿ ಮೇಡಂ" ಎಂದುಬಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬಿಡ್ತೀನಪ್ಪ ವಾಸು, ಆದರೆ ಕೈಗೆ ಸಿಗೋ ಹಾಗೆ ಬಿಡ್ತೀನಿ" ಎಂದರು. ಆ ಮಾತಿನ ಅರ್ಥ ಆಗ ನನಗೆ ಆಗಲಿಲ್ಲ.

ನಮ್ಮ ಸಂಘದಲ್ಲಿ ಪಕ್ಷೇತರರಾಗಿ ನಿಲ್ಲುವುದೆಂದರೆ ಎರಡು ಲಾರಿಗಳ ನಡುವೆ ಸೈಕಲ್ಲು ಹೊಡೆದ ಹಾಗೆ. ಸಂಘದಲ್ಲಿ ಎರಡು ಬಳಗಗಳಿದ್ದವು. ಒಂದರ ಹೆಸರು ಐಕ್ಯ ಬಳಗ, ಇನ್ನೊಂದರ ಹೆಸರು ಸೌಹಾರ್ದ ಬಳಗ. ಎರಡು ಬಳಗದವರೂ ಒಬ್ಬರನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ಐಕ್ಯದಲ್ಲಿ ಹೆಚ್ಚಾಗಿ ಮೈಸೂರು, ಬೆಂಗಳೂರು ಕಡೆಯಿಂದ ಮೊದಮೊದಲು ಬಂದ ಡಾಕ್ಟರು, ಇಂಜಿನಿಯರು, ಪ್ರೊಫೆಸರುಗಳು. ಈಗ ಎಲ್ಲರೂ ನಿವೃತ್ತರು. ಸೌಹಾರ್ದದಲ್ಲಿ ಹೆಚ್ಚಾಗಿ ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರು. ಇವರ ತಾತ್ವಿಕ ಭಿನ್ನಾಭಿಪ್ರಾಯ ಇಷ್ಟೇ: ಊಟ ಕಾರ್ಯಕ್ರಮಕ್ಕೆ ಮೊದಲೋ, ಆಮೇಲೋ? ಮೊದಲು ಊಟ ಹಾಕಿದರೆ ಜನ ಉಂಡು ಮನೆಗೆ ಹೋಗುತ್ತಾರೆ ಎಂದು ಐಕ್ಯದವರ ವಾದ. ಆಮೇಲೆ ಹಾಕಿದರೆ ಜನ ಆಮೇಲೆಯೇ ಬರುತ್ತಾರೆ ಎಂದು ಸೌಹಾರ್ದದವರ ವಾದ. ಎರಡೂ ನಿಜ!

ಸರೋಜಮ್ಮನವರು ದಾವಣಗೆರೆಯವರು. ಮೈಸೂರಿನವರಿಗೆ ದಾವಣಗೆರೆ ಉತ್ತರ, ಬೆಳಗಾವಿಯವರಿಗೆ ಅದು ದಕ್ಷಿಣ. ಆದ್ದರಿಂದ ಎರಡೂ ಬಳಗಗಳು ಅವರನ್ನು ಬಹಳ ಗೌರವದಿಂದ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದವು.

ಅವರಿಗೆ ಆಗ ಎಪ್ಪತ್ತನಾಲ್ಕು. ಎಟೋಬಿಕೋಕ್‌ನ ಹಳೆಯ ಬಂಗಲೆಯೊಂದರಲ್ಲಿ ಒಬ್ಬರೇ ಇದ್ದರು. ಮಳೆನೀರಿನ ಚರಂಡಿಗಳ ನಕ್ಷೆ ಮಾಡುವ ಇಂಜಿನಿಯರಾಗಿ ಮೂವತ್ತು ವರ್ಷ ದುಡಿದವರು. ಆ ಮೂವತ್ತು ವರ್ಷವೂ ಅವರ ಉದ್ದನೆಯ ಕಂದು ಕಾರು ಸಂಘದ ಬಸ್ಸೇ ಆಗಿತ್ತು. ಊರಿಗೆ ಹೊಸದಾಗಿ ಬಂದವರಿದ್ದರೆ ಏರ್‌ಪೋರ್ಟಿನಿಂದ ಕರೆತರುವವರು ಅವರೇ. ನಾನು ಬಂದಿಳಿದ ಜನವರಿಯ ದಿನ ಮೈಮೇಲೆ ಇದ್ದದ್ದು ಮದುವೆಯ ಸಫಾರಿ ಸೂಟು. ಗುರುತು ಪರಿಚಯವಿಲ್ಲದ ಈ ಹೆಂಗಸು ತಮ್ಮ ಕೋಟನ್ನೇ ಬಿಚ್ಚಿ ನನಗೆ ಹಾಕಿ, ತಾವು ಸ್ವೆಟರಿನಲ್ಲಿ ಕಾರು ಓಡಿಸಿದರು. ಅಂದು ಹುಟ್ಟಿದ ಬೆರಗು ನನಗೆ ಇಂದಿಗೂ ಇಳಿದಿಲ್ಲ.

ಚುನಾವಣೆಗೆ ಎರಡು ವರ್ಷ ಹಿಂದೆ ಅವರ ಕಣ್ಣಿಗೆ ತೊಂದರೆಯಾಯಿತು. ಕತ್ತಲಾದ ಮೇಲೆ ಎದುರಿನ ದೀಪಗಳು ಹರಡಿಕೊಂಡು ಕಾಣುತ್ತಿದ್ದವಂತೆ. ಯಾರೂ ಹೇಳುವ ಮೊದಲೇ ಕಾರು ಮಾರಿ, ಲೈಸೆನ್ಸನ್ನು ತಾವಾಗಿ ಹಿಂದಕ್ಕೆ ಕೊಟ್ಟರು. ಅಲ್ಲಿಂದಾಚೆ ಸಂಘದ ಕಾರ್ಯಕ್ರಮಗಳಲ್ಲಿ ಅವರು ಕಾಣಲಿಲ್ಲ. ಯಾಕೆಂದು ನಾವು ಯಾರೂ ಕೇಳಲೂ ಇಲ್ಲ. ಚುನಾವಣೆಗೆ ನಿಲ್ಲುವ ಮಾತು ಬಂದ ದಿನ ಅವರೇ ಹೇಳಿದರು.

"ನೋಡು ವಾಸು, ನಮ್ಮಲ್ಲಿ ಕಾರು ಓಡಿಸಲಾಗದ ಮುದುಕರು ಸುಮಾರು ಜನ ಆಗಿದ್ದೀವಿ. ಫೋನ್ ಮಾಡಿ ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಆದರೆ ಪ್ರತಿ ಸಲ ಕೇಳಬೇಕಲ್ಲ, ಅದು ಆಗಲ್ಲ. ಒಂದು ಸಲ ಕೇಳ್ತೀವಿ, ಎರಡು ಸಲ ಕೇಳ್ತೀವಿ, ಮೂರನೇ ಸಲ ಮೈ ಸರಿಯಿಲ್ಲ ಅಂತ ಮನೇಲೇ ಕೂತ್ಕೊಳ್ತೀವಿ. ನಾನು ಅಧ್ಯಕ್ಷೆ ಆದರೆ ಒಂದೇ ಕೆಲಸ. ಕೇಳದೇ ಕಾರು ಬರೋ ಹಾಗೆ ಮಾಡ್ತೀನಿ."

ಇದಿಷ್ಟೇ ಅವರ ಪ್ರಣಾಳಿಕೆ. ಎರಡು ವರ್ಷ ನಾನೂ ಫೋನ್ ಮಾಡಿರಲಿಲ್ಲ. ಆ ನಾಚಿಕೆಯ ಭರದಲ್ಲಿಯೇ ಪ್ರಚಾರಕ್ಕೆ ಧುಮುಕಿದೆ.

ಮೊದಲನೆಯದಾಗಿ ಕರಪತ್ರ. ಹುಬ್ಬಳ್ಳಿಯ ಪದ್ಧತಿಯಂತೆ ಮೇಲೆ ದೊಡ್ಡ ಅಕ್ಷರದಲ್ಲಿ "ನಿಮ್ಮ ಮನೆ ಬಾಗಿಲಿಗೆ ಕಾರು" ಎಂದು ಬರೆದು, ಕೆಳಗೆ ನನ್ನ ಫೋನ್ ನಂಬರು ಹಾಕಿ, ಸದಸ್ಯರಿಗೆಲ್ಲ ಹಂಚಿದೆ. ಹತ್ತನೇ ತರಗತಿಯಲ್ಲಿದ್ದ ಮಗಳು ಮೇಘಾ ಅದನ್ನು ಓದಿ, "ಅಪ್ಪಾ, ದಿಸ್ ಸೌಂಡ್ಸ್ ಲೈಕ್ ಅ ಟ್ಯಾಕ್ಸಿ" ಎಂದಳು. ಮಕ್ಕಳಿಗೆ ರಾಜಕೀಯ ತಿಳಿಯುವುದಿಲ್ಲ ಎಂದುಕೊಂಡೆ.

ಮರುದಿನವೇ ಫೋನು ಬಂತು. ಯಾರೋ ಅಪರಿಚಿತರು, "ಸಾರ್, ಗುರುವಾರ ಸಂಜೆ ಏಳಕ್ಕೆ ಏರ್‌ಪೋರ್ಟಿಗೆ ಹೋಗಬೇಕು, ನಾಲ್ಕು ಸೂಟ್‌ಕೇಸು ಇದೆ" ಎಂದರು. ಓಟಿನ ವಿಚಾರ, ಇಲ್ಲ ಎನ್ನಲಾದೀತೇ? ಹೋದೆ. ಬಿಟ್ಟು ಬಂದೆ. ಶನಿವಾರ ಇನ್ನೊಂದು ಕುಟುಂಬ. ಭಾನುವಾರ ಮತ್ತೊಂದು. ಮೂರು ಮನೆ, ಆರು ಓಟು ನಮ್ಮ ಕಿಸೆಯಲ್ಲಿ ಎಂದು ಹೆಂಡತಿ ಗಿರಿಜಾಳ ಮುಂದೆ ಎದೆಯುಬ್ಬಿಸಿದೆ.

"ಅವರು ಎಲ್ಲಿಗೆ ಹೋದ್ರು?" ಎಂದು ಗಿರಿಜಾ ಚಪಾತಿ ಲಟ್ಟಿಸುತ್ತಾ ಕೇಳಿದಳು.

"ಇಂಡಿಯಾಕ್ಕ."

"ತಿರುಗಿ ಯಾವಾಗ ಬರ್ತಾರ?"

"ಮಾರ್ಚಿನ್ಯಾಗ ಅಂದ್ರು."

"ಇಲೆಕ್ಷನ್ ಯಾವಾಗ ಐತಿ?"

ಚುನಾವಣೆ ಇದ್ದದ್ದು ಡಿಸೆಂಬರಿನಲ್ಲಿ. ನಮ್ಮ ಆರು ಓಟುಗಳನ್ನು ನಾನೇ ಸೂಟ್‌ಕೇಸು ಸಮೇತ ವಿಮಾನ ಹತ್ತಿಸಿ ಬಂದಿದ್ದೆ!

ನಾನು ಹೀಗೆ ದುಡಿಯುತ್ತಿದ್ದಾಗ ಸರೋಜಮ್ಮನವರು ಏನು ಮಾಡುತ್ತಿದ್ದರು? ದಿನಕ್ಕೆ ಐದಾರು ಮನೆಗೆ ಫೋನ್ ಮಾಡುತ್ತಿದ್ದರು. ಓಟು ಕೇಳುತ್ತಿರಲಿಲ್ಲ. "ಕಾರ್ಯಕ್ರಮಕ್ಕೆ ಬರುವಾಗ ನಿಮ್ಮ ಕಾರಿನಲ್ಲಿ ಎಷ್ಟು ಸೀಟು ಖಾಲಿ ಬರುತ್ತೆ? ಯಾವ ರಸ್ತೆಯಲ್ಲಿ ಬರ್ತೀರಿ?" ಇಷ್ಟು ಕೇಳಿ, ದಪ್ಪ ಮಾರ್ಕರಿನಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಐಕ್ಯ, ಸೌಹಾರ್ದ ಎಂದು ನೋಡದೆ ಎಲ್ಲರಿಗೂ ಮಾಡಿದರು. "ಮೇಡಂ, ಹಿಂಗ ಪ್ರಚಾರ ಮಾಡಿದ್ರ ಓಟು ಬೀಳಂಗಿಲ್ರಿ. ಏನರ ಆಶ್ವಾಸನೆ ಕೊಡಬೇಕು" ಎಂದು ನಾನು ತಿಳಿಸಿ ಹೇಳಿದೆ. ಅವರು ನಕ್ಕು ಮುಂದಿನ ನಂಬರು ಒತ್ತಿದರು.

ಚುನಾವಣೆ ಡಿಸೆಂಬರಿನ ಒಂದು ಭಾನುವಾರ, ಊರಿನ ಉತ್ತರಕ್ಕಿರುವ ರಿಚ್ಮಂಡ್ ಹಿಲ್‌ನ ಒಂದು ಸಭಾ ಹಾಲಿನಲ್ಲಿ. ಮತದಾನ ಮೂರರಿಂದ ಆರು ಗಂಟೆ. ಆ ದಿನಕ್ಕಾಗಿ ನಾನು ಒಂದು ಮಹಾಯೋಜನೆ ಹೆಣೆದಿದ್ದೆ. ಕಾರು ಓಡಿಸಲಾಗದ ಹನ್ನೊಂದು ಮಂದಿ ಹಿರಿಯರು ಸರೋಜಮ್ಮನವರಿಗೇ ಓಟು ಹಾಕುವುದು ಖಚಿತವಿತ್ತು. ಆರು ಮಂದಿ ಎರಿನ್ ಮಿಲ್ಸ್‌ನಲ್ಲಿ, ಐದು ಮಂದಿ ಎಟೋಬಿಕೋಕ್‌ನಲ್ಲಿ. ಒಂದು ದೊಡ್ಡ ವ್ಯಾನು ಬಾಡಿಗೆಗೆ ತಂದು, ಎರಡು ಕಡೆ ಹತ್ತಿಸಿಕೊಂಡು, ನಾಲ್ಕೂವರೆಗೆ ಹಾಲಿನ ಮುಂದೆ ಇಳಿಸುವುದು. ಜನ ಬೆರಗಾಗಬೇಕು! ವ್ಯಾನಿನಲ್ಲಿ ನನ್ನನ್ನು ಬಿಟ್ಟು ಸರಿಯಾಗಿ ಹನ್ನೊಂದು ಸೀಟು. ದೇವರೇ ಲೆಕ್ಕ ಹಾಕಿ ಕೊಟ್ಟ ಹಾಗಿತ್ತು.

ಎರಿನ್ ಮಿಲ್ಸ್‌ನ ಆರು ಮಂದಿಯೂ ಶ್ರೀಕಂಠಯ್ಯ ಮೇಷ್ಟ್ರ ಮನೆಯಲ್ಲಿ ಸೇರುವುದೆಂದು ಮಾತಾಗಿತ್ತು. ಮೇಷ್ಟ್ರು ಮೈಸೂರಿನವರು, ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ನಾನು ಮೂರು ಗಂಟೆಗೆ ಮುಟ್ಟಬೇಕಿತ್ತು. ವ್ಯಾನಿನ ಗಾಜಿನ ಮೇಲಿನ ಹಿಮ ಕೆರೆದು ಹೋಗುವಷ್ಟರಲ್ಲಿ ಮೂರೂವರೆ ಆಗಿತ್ತು.

"ಬರ್ರಿ ಸರ್, ಹೋಗೂಣು" ಎಂದೆ.

ಮೇಷ್ಟ್ರು ಕೈಗಡಿಯಾರ ನೋಡಿದರು. "ಮೂರು ಮೂವತ್ತಮೂರಕ್ಕೆ ರಾಹುಕಾಲ ಶುರು. ಮೂರು ನಿಮಿಷದಲ್ಲಿ ಆರು ಜನ ಬೂಟು ಹಾಕ್ಕೊಳ್ಳೋದು ಆಗದ ಮಾತು. ಕೂತ್ಕೊಳ್ಳಿ, ಕಾಫಿ ಕುಡಿಯೋಣ."

ನನಗೆ ಗೊತ್ತಿದ್ದ ಹಾಗೆ ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು. ಹಾಗೆಂದು ಹೇಳಿದೆ. ಮೇಷ್ಟ್ರಿಗೆ ಸಿಟ್ಟು ಬಂತು. ಒಂದು ಕಾಗದ ತಂದು ಹರಡಿದರು.

"ಅದು ಊರಿನ ಲೆಕ್ಕ ಕಣ್ರೀ. ಸೂರ್ಯ ಹುಟ್ಟಿ ಮುಳುಗೋ ತನಕ ಎಂಟು ಪಾಲು ಮಾಡಬೇಕು. ಭಾನುವಾರ ಎಂಟನೇ ಪಾಲು ರಾಹುಕಾಲ. ಇಲ್ಲಿ ಇವತ್ತು ಸೂರ್ಯ ಮುಳುಗೋದು ನಾಲ್ಕು ನಲವತ್ತೊಂದಕ್ಕೆ. ಮುಳುಗಿದ ಮೇಲೆ ಎಂಥ ರಾಹುಕಾಲ? ಬೆಂಗಳೂರು ರಾಹು ಬೇರೆ, ಟೊರಾಂಟೊ ರಾಹು ಬೇರೆ."

ಭೌತಶಾಸ್ತ್ರ ಓದಿದವರು ಇಷ್ಟು ನಿಖರವಾಗಿ ರಾಹುಕಾಲ ಲೆಕ್ಕ ಹಾಕುವುದನ್ನು ಕಂಡು ನಾನು ಬಾಯಿ ತೆರೆದು ಕೂತೆ. ಕಾಫಿ ಬಂತು. ಕೋಡುಬಳೆ ಬಂತು. ನಾಲ್ಕು ನಲವತ್ತೆರಡಕ್ಕೆ ಆರೂ ಮಂದಿ ಶಿಸ್ತಾಗಿ ಎದ್ದು ಬೂಟು ಹಾಕಿದರು. ಯೋಜನೆಯ ಪ್ರಕಾರ ಆ ಹೊತ್ತಿಗೆ ನಾವು ರಿಚ್ಮಂಡ್ ಹಿಲ್‌ನಲ್ಲಿ ಬೆರಗು ಹುಟ್ಟಿಸುತ್ತಿರಬೇಕಿತ್ತು.

ಎಟೋಬಿಕೋಕ್‌ನ ಐದು ಮಂದಿ ಗಂಗಕ್ಕನ ಅಪಾರ್ಟ್‌ಮೆಂಟಿನಲ್ಲಿ ಕಾಯುತ್ತಿದ್ದರು. ಗಂಗಕ್ಕ ಬೆಳಗಾವಿಯವರು, ಎಂಬತ್ತರ ಹತ್ತಿರ. ನಾವು ಮುಟ್ಟಿದಾಗ ಐದು ಗಂಟೆ ದಾಟಿತ್ತು. ಎಲ್ಲರೂ ಕೋಟು, ಟೋಪಿ, ಮಫ್ಲರು ಸಮೇತ ಸೋಫಾದ ಮೇಲೆ ಸಾಲಾಗಿ ಕೂತಿದ್ದರು. ಯಾರೂ ಏಳಲಿಲ್ಲ.

"ಏಳ್ರಿ ಗಂಗಕ್ಕ, ಹೊತ್ತಾಗೇತಿ" ಎಂದೆ.

"ಕೂಡೋ ವಾಸೂ. ಆರು ಹೊಡೀಲಿ. ಈಗ ರಾಹುಕಾಲ ನಡದೈತಿ" ಎಂದು ಅವರು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಬೆಳಗಾವಿಯ ಕ್ಯಾಲೆಂಡರನ್ನು ತೋರಿಸಿದರು. ಭಾನುವಾರ, ನಾಲ್ಕೂವರೆಯಿಂದ ಆರು. ಅಚ್ಚಾದದ್ದು ಅಚ್ಚಾಗಿತ್ತು.

ನನ್ನ ಹಿಂದೆಯೇ ಲಿಫ್ಟಿನಲ್ಲಿ ಬಂದಿದ್ದ ಮೇಷ್ಟ್ರು ಬಾಗಿಲಲ್ಲೇ ನಿಂತು ಎಂಟು ಪಾಲಿನ ವಿವರಣೆ ಶುರುಮಾಡಿದರು. ಗಂಗಕ್ಕ ಪೂರ್ತಿ ಕೇಳಿದರು. ಆಮೇಲೆ, "ಮಾಸ್ತರ, ನಿಮ್ಮ ಸೂರ್ಯ ಮುಳುಗಿರಬಹುದು. ನಮ್ಮ ಊರಾಗಿನ ಪಂಚಾಂಗದವರು ಸುಳ್ಳು ಬರಿಯಂಗಿಲ್ಲ" ಎಂದರು.

ಅಧ್ಯಕ್ಷ ಸ್ಥಾನಕ್ಕೆ ಮೂರು ಅಭ್ಯರ್ಥಿಗಳಿದ್ದರೆ ರಾಹುಕಾಲಕ್ಕೆ ಇಬ್ಬರಿದ್ದರು. ಹಾಲಿಗೆ ಮೂವತ್ತೈದು ನಿಮಿಷದ ದಾರಿ. ಐದೂಕಾಲಿಗೆ ಹೊರಟರೆ ಮಾತ್ರ ಉಳಿಗಾಲ. ಆಗ ನನಗೊಂದು ಬುದ್ಧಿ ಹೊಳೆಯಿತು. ಆ ಬುದ್ಧಿಯನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಅಲ್ಲಿನ ಗೋಡೆ ಗಡಿಯಾರವನ್ನು ಮುಕ್ಕಾಲು ಗಂಟೆ ಮುಂದಕ್ಕೆ ತಿರುಗಿಸಿದೆ. ಹೊರಗೆ ಬಂದು, "ಗಂಗಕ್ಕ, ಗಡಿಯಾರ ನೋಡ್ರಿ, ಆರಾತು" ಎಂದೆ.

ಗಂಗಕ್ಕ ಬಗ್ಗಿ ಗಡಿಯಾರ ನೋಡಿ, ಕೈಮುಗಿದು ಎದ್ದರು. ಮೇಷ್ಟ್ರು ತಮ್ಮ ಕೈಗಡಿಯಾರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ತಮ್ಮ ಪಾಡಿಗೆ ಲಿಫ್ಟಿನ ಕಡೆ ನಡೆದರು. ಅವರ ಸಿದ್ಧಾಂತದ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲಾಗಿತ್ತು.

ವ್ಯಾನು ಹೈವೇ ಹತ್ತಿತು. ಹನ್ನೊಂದು ಜನ, ಹನ್ನೊಂದು ಓಟು. ನನ್ನದೂ ಸೇರಿ ಹನ್ನೆರಡು. ಸಣ್ಣಗೆ ಹಾಡಿಕೊಳ್ಳುತ್ತಿದ್ದೆ. ಆಗ ಹಿಂದಿನಿಂದ ಗಂಗಕ್ಕನ ದನಿ ಬಂತು.

"ವಾಸೂ, ಸರೋಜಾ ಎಲ್ಲಿ?"

ನನ್ನ ಹಾಡು ನಿಂತಿತು. ವ್ಯಾನಿನಲ್ಲಿ ಹನ್ನೊಂದು ಮಂದಿ ಮತದಾರರಿದ್ದರು. ಅಭ್ಯರ್ಥಿ ಇರಲಿಲ್ಲ!

ಕಾರಿಲ್ಲದವರಿಗೆ ಕಾರು ಬೇಕೆಂದು ಚುನಾವಣೆಗೆ ನಿಂತ ಹೆಂಗಸನ್ನು ಕರೆದುಕೊಂಡು ಬರಲು ಯಾರಿಗೂ ಹೇಳಿರಲಿಲ್ಲ. ಸೀಟುಗಳ ಲೆಕ್ಕ ಹಾಕುವಾಗ ನಾನು ಓಟುಗಳನ್ನು ಎಣಿಸಿದ್ದೆ, ಅವರನ್ನು ಎಣಿಸಿರಲಿಲ್ಲ. "ಗಿರಿಜಾ ಕರ್ಕೊಂಡು ಬರ್ತಾಳ" ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಮುಂದಿನ ಸೀಟಿನಲ್ಲಿದ್ದ ಮೇಷ್ಟ್ರಿಗೆ ನನ್ನ ಮೊಬೈಲು ಕೊಟ್ಟು, ಹಾಲಿನಲ್ಲಿದ್ದ ಗಿರಿಜಾಳಿಗೆ ಹಚ್ಚಿ ಸ್ಪೀಕರಿಗೆ ಹಾಕಲು ಹೇಳಿದೆ.

"ಗಿರಿಜಾ, ಸರೋಜಮ್ಮನವರನ್ನ ಕರ್ಕೊಂಡು ಬಂದಿಯಲ್ಲ?"

"ನಾನ್ಯಾಕ ಕರ್ಕೊಂಡು ಬರ್ಲಿ? ನನಗ ಯಾವಾಗ ಹೇಳೀರಿ?"

"ಹೇಳಿದ್ದೆ ಅನಸ್ತದ."

"ಮನಸ್ಸಿನ್ಯಾಗ ಹೇಳಿರಬೇಕು. ಅಲ್ರೀ, ಐದೂವರೆ ಆತು, ಇನ್ನೂ ಎಲ್ಲಿದ್ದೀರಿ?"

ಸ್ಪೀಕರಿನ ಮಾತು ವ್ಯಾನಿನವರೆಲ್ಲರಿಗೂ ಕೇಳಿಸಿತ್ತು. ಆಮೇಲೆ ಗಂಗಕ್ಕ ಬಹಳ ಮೆತ್ತಗೆ ಕೇಳಿದರು. "ಐದೂವರೆ? ನಮ್ಮ ಗಡಿಯಾರದಾಗ ಆರು ಆದ ಮ್ಯಾಲ ಹೊಂಟೇವಲ್ಲೋ, ವಾಸೂ."

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ನನಗೆ ಆ ಹೊತ್ತಿನಲ್ಲಿ ಅದು ಕೈಕೊಟ್ಟಿತು. ಗಡಿಯಾರದ ಸಂಗತಿಯನ್ನು ಒಪ್ಪಿಕೊಂಡೆ. ಗಂಗಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ರಾಹುಕಾಲದಾಗ ಹೊಸಿಲು ದಾಟಿಸಿದಿ. ಇನ್ನ ಮನಿಗೆ ಹೋಗಿ, ನೀರು ಕುಡದು, ಆರರ ಮ್ಯಾಲ ತಿರುಗಿ ಹೊಂಡಬೇಕು. ಇಲ್ಲಂದ್ರ ನಾ ಓಟು ಹಾಕಿದ್ದು ಸರೋಜಾಗ ಒಳ್ಳೇದಾಗಂಗಿಲ್ಲ" ಎಂದರು. ಉಳಿದ ನಾಲ್ವರೂ ತಲೆ ಆಡಿಸಿದರು. ಸರೋಜಮ್ಮನವರನ್ನು ಬಿಟ್ಟು ಹೋಗುವುದು ಬೇಡವೆಂದು ಮೇಷ್ಟ್ರ ಕಡೆಯವರೂ ಅಂದರು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ವ್ಯಾನು ತಿರುಗಿಸಿದೆ.

ದಾರಿಯಲ್ಲಿ ಮೊದಲು ಸರೋಜಮ್ಮನವರ ಮನೆ. ದೀಪ ಆರಿತ್ತು. ಮೆಟ್ಟಿಲ ಮೇಲಿನ ಹಿಮವನ್ನು ಗುಡಿಸಿ ಉಪ್ಪು ಹಾಕಲಾಗಿತ್ತು. ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ದಪ್ಪ ಮಾರ್ಕರಿನ ದೊಡ್ಡ ಅಕ್ಷರ. "ವಾಸು, ಮೂರೂವರೆ ತನಕ ಕಾದೆ. ನೀನು ಬಹಳ ಕೆಲಸದಲ್ಲಿ ಇರಬೇಕು. ಬಸ್ಸಿನಲ್ಲಿ ಹೋಗಿದ್ದೇನೆ. ರಸ್ತೆ ಜಾರುತ್ತದೆ, ಮೆಲ್ಲಗೆ ಓಡಿಸು."

ಎಟೋಬಿಕೋಕ್‌ನಿಂದ ರಿಚ್ಮಂಡ್ ಹಿಲ್‌ಗೆ ಹೋಗಬೇಕೆಂದರೆ ಒಂದು ಬಸ್ಸು, ಎರಡು ರೈಲು, ಮತ್ತೆ ಯಂಗ್ ಸ್ಟ್ರೀಟಿನ ಬಸ್ಸು, ಕೊನೆಗೆ ಹಿಮದಲ್ಲಿ ನಡಿಗೆ. ಎಪ್ಪತ್ತನಾಲ್ಕು ವರ್ಷದ, ಕತ್ತಲಲ್ಲಿ ಕಣ್ಣು ಕಾಣದ ಹೆಂಗಸು. ಹೊರಡುವ ಮೊದಲು ನಾನು ಜಾರಿ ಬೀಳದಿರಲೆಂದು ಮೆಟ್ಟಿಲಿಗೆ ಉಪ್ಪು ಹಾಕಿದ್ದರು! ಆ ಚೀಟಿಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡೆ. ಅಷ್ಟು ಸಣ್ಣವನಾದೆ ಎಂದು ನನಗೆ ಹಿಂದೆಂದೂ ಅನ್ನಿಸಿರಲಿಲ್ಲ.

ಗಂಗಕ್ಕನ ಮನೆಗೆ ಹೋದೆವು. ಎಲ್ಲರೂ ನೀರು ಕುಡಿದರು. ನಾನು ಗಡಿಯಾರ ಸರಿಮಾಡಿದೆ. ಆರು ದಾಟಿದ ಮೇಲೆ, ಹೊಸಿಲಿಗೆ ನಮಸ್ಕಾರ ಮಾಡಿ, ಎರಡೂ ರಾಹುಗಳ ಸಂಪೂರ್ಣ ಒಪ್ಪಿಗೆಯೊಂದಿಗೆ ಹೊರಟೆವು. ಓಟು ಮುಗಿದಿದೆ, ಸುಮ್ಮನೆ ಮನೆಯಲ್ಲೇ ಇರಿ ಎಂದು ನಾನು ಹೇಳಿನೋಡಿದೆ. "ಓಟು ಇರಲಿ ಬಿಡು, ಸರೋಜಾ ಒಬ್ಬಾಕಿನ ಕೂತಿರ್ತಾಳ" ಎಂದರು ಗಂಗಕ್ಕ.

ಸಭಾಂಗಣ ಮುಟ್ಟಿದಾಗ ಏಳಕ್ಕೆ ಹತ್ತು ನಿಮಿಷ. ಎಣಿಕೆಯೂ ಮುಗಿದಿತ್ತು. ಬಾಗಿಲಲ್ಲೇ ಗಿರಿಜಾ ಫಲಿತಾಂಶ ಹೇಳಿದಳು. ಸೌಹಾರ್ದ ಅರವತ್ತೊಂದು. ಐಕ್ಯ ಐವತ್ತೆಂಟು. ಸರೋಜಮ್ಮ ಐವತ್ತೆರಡು.

ನನ್ನ ವ್ಯಾನಿನಲ್ಲಿ ಹನ್ನೆರಡು ಓಟಿತ್ತು. ಕೂಡಿಸಿ ನೋಡುವ ಅಗತ್ಯವಿಲ್ಲ. ಹನ್ನೊಂದು ಮಂದಿ ಹಿರಿಯರೂ ಬೂಟಿನ ಹಿಮ ಕೊಡವುತ್ತಾ ಬಾಗಿಲಲ್ಲಿ ನಿಂತಿದ್ದರು. ಸರೋಜಮ್ಮ ಮೊದಲ ಸಾಲಿನಲ್ಲಿ, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದರು. ಹೋಗಿ ಅವರ ಮುಂದೆ ನಿಂತೆ.

"ಮೇಡಂ, ತಪ್ಪಾತು. ನನ್ನಿಂದನ ಸೋತ್ರಿ."

"ಎಲ್ಲರೂ ಸುರಕ್ಷಿತವಾಗಿ ಬಂದ್ರಾ?" ಎಂದು ಕೇಳಿದರು.

"ಬಂದಾರ್ರಿ. ರಾಹುಕಾಲದಿಂದ ತಡ ಆತು." ಎಲ್ಲವನ್ನೂ ಹೇಳಿದೆ, ಗಡಿಯಾರ ಸಮೇತ.

ಅವರು ಕೇಳಿ, ಗಂಗಕ್ಕನ ಕಡೆ ತಿರುಗಿದರು. "ಗಂಗಕ್ಕ, ಮುಂದಿನ ಸಲ ಬೆಳಿಗ್ಗೆ ಒಳ್ಳೇ ಹೊತ್ತಲ್ಲಿ ನಿಮ್ಮ ಶಾಲನ್ನ ಕಾರಲ್ಲಿ ಇಟ್ಟುಬಿಡಿ. ಪರಸ್ಥಾನ ಆಯ್ತಲ್ಲ. ಆಮೇಲೆ ನೀವು ಯಾವಾಗ ಹೊರಟರೂ ದೋಷ ಇಲ್ಲ."

ಗಂಗಕ್ಕನ ಮುಖ ಅರಳಿತು. "ಅಯ್ಯ, ಹೌದಲ್ಲ! ನಮ್ಮತ್ತಿ ಕಾಶಿಗೆ ಹೋಗೂಮುಂದ ಹಂಗ ಮಾಡಿದ್ರು. ಗಂಟು ಮುಂಚೇನ ಬಾಜೂ ಮನ್ಯಾಗ ಇಟ್ಟಿದ್ರು. ಗಂಟು ಹೊಂಟ್ರ ಮನಿಷಾ ಹೊಂಟಂಗ."

ಮೇಷ್ಟ್ರೂ ಒಂದು ಕ್ಷಣ ಯೋಚಿಸಿ, ಲೆಕ್ಕ ಸರಿಯಿದೆ ಎಂಬಂತೆ ತಲೆದೂಗಿದರು. ಮೂರು ಗಂಟೆ ನಾನು ಗುದ್ದಾಡಿದ ಎರಡು ರಾಹುಕಾಲಗಳನ್ನು ಈ ಚರಂಡಿ ಇಂಜಿನಿಯರು ಒಂದು ಶಾಲಿನಲ್ಲಿ ಕಟ್ಟಿಹಾಕಿದ್ದರು.

ಸೋತ ಅಭ್ಯರ್ಥಿಗಳು ಎರಡು ಮಾತಾಡುವುದು ನಮ್ಮಲ್ಲಿ ವಾಡಿಕೆ. ಸರೋಜಮ್ಮ ಎದ್ದು ಮೈಕಿನ ಮುಂದೆ ಹೋದರು. ಗೆದ್ದವರಿಗೆ ಅಭಿನಂದನೆ ಹೇಳಿದರು. ಆಮೇಲೆ ನೋಟ್‌ಬುಕ್ ತೆರೆದರು.

"ಹೊರಗೆ ಹಿಮ ಬೀಳ್ತಾ ಇದೆ. ಬಾಗಿಲಲ್ಲಿ ಹನ್ನೊಂದು ಜನ ಹಿರಿಯರು ನಿಂತಿದ್ದಾರೆ, ಅವರು ಮನೆ ಸೇರಬೇಕು. ಯಾರ ಕಾರಲ್ಲಿ ಎಷ್ಟು ಸೀಟು ಖಾಲಿ ಅಂತ ನೀವೇ ನನಗೆ ಹೇಳಿದ್ದೀರಿ. ನಾನು ಓದ್ತೀನಿ, ನೀವು ಕೈ ಎತ್ತಿ, ಸಾಕು."

ಓದತೊಡಗಿದರು. ಐಕ್ಯದ ಖಜಾಂಚಿ, ಎರಿನ್ ಮಿಲ್ಸ್ ಮೇಲಿಂದಲೇ ಹೋಗುವವರು, ಮೂರು ಸೀಟು. ಕೈ ಮೇಲೆ ಹೋಯಿತು. ಸೌಹಾರ್ದದ ಕಾರ್ಯದರ್ಶಿ, ಎಟೋಬಿಕೋಕ್, ಎರಡು ಸೀಟು. ಕೈ ಮೇಲೆ ಹೋಯಿತು. ಸೋತ ಐಕ್ಯದ ಅಭ್ಯರ್ಥಿ, ಎರಡು. ಗೆದ್ದ ಸೌಹಾರ್ದದ ಅಧ್ಯಕ್ಷರು, ಐದು. ಫೋನಿನಲ್ಲಿ ತಾವೇ ಹೇಳಿದ ಸೀಟನ್ನು ಇಡೀ ಸಭೆಯ ಮುಂದೆ ಇಲ್ಲ ಎನ್ನುವವರು ಯಾರಿದ್ದಾರೆ? ಐದೇ ನಿಮಿಷದಲ್ಲಿ ಹನ್ನೊಂದೂ ಮಂದಿಗೆ ಕಾರು ಸಿಕ್ಕಿತು. ಮಾತು ಬಿಟ್ಟಿದ್ದ ಎರಡು ಬಳಗದವರು ಗಂಗಕ್ಕನ ಕಾಲಿಗೆ ಬೂಟು ತೊಡಿಸುತ್ತಾ, ಯಾವ ರಸ್ತೆಯಲ್ಲಿ ಹಿಮ ಕಡಿಮೆ ಎಂದು ಚರ್ಚಿಸುತ್ತಿದ್ದರು.

"ನೀರನ್ನ ಯಾರೂ ಬೇಡಿಕೊಳ್ಳಲ್ಲ ವಾಸು. ಇಳಿಜಾರು ಸರಿಯಾಗಿ ಕೊಟ್ಟರೆ ತಾನೇ ಹರಿದು ಬರುತ್ತೆ" ಎಂದರು ಸರೋಜಮ್ಮ, ಮೈಕು ಬಿಟ್ಟು ಇಳಿದು ಬಂದ ಮೇಲೆ. ಗೆದ್ದವರ ಕೊರಳಲ್ಲಿ ಹಾರವಿತ್ತು. ಆದರೆ ಆ ಸಂಜೆ ಆ ಹಾಲಿನಲ್ಲಿ ಅಧ್ಯಕ್ಷರು ಯಾರೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

"ಮೇಡಂ, ನಿಮ್ಮನ್ನ ನಾ ಬಿಡ್ತೀನ್ರಿ. ವ್ಯಾನಿನ್ಯಾಗ ಹನ್ನೊಂದು ಸೀಟು ಖಾಲಿ ಅದಾವು" ಎಂದೆ.

ಅವರು ನೋಟ್‌ಬುಕ್ಕಿನ ಪುಟ ತಿರುಗಿಸಿ ನೋಡಿದರು. "ನಿನ್ನ ಹೆಸರು ನಾನು ಬರ್ಕೊಂಡಿಲ್ಲಪ್ಪ" ಎಂದು ನನ್ನ ಭುಜ ತಟ್ಟಿ, ಹೊಸ ಅಧ್ಯಕ್ಷರ ಕಾರಿನಲ್ಲಿ ಕೂತು ಹೋದರು. ಗಿರಿಜಾ ತನ್ನ ಕಾರಿನಲ್ಲಿ ಮುಂದೆ, ನಾನು ಹನ್ನೊಂದು ಖಾಲಿ ಸೀಟುಗಳೊಂದಿಗೆ ಹಿಂದೆ.

ಹೊಸ ಅಧ್ಯಕ್ಷರ ಮೊದಲ ತೀರ್ಮಾನ, ಸರೋಜಮ್ಮನವರನ್ನು ವಾಹನ ವ್ಯವಸ್ಥೆಯ ಮುಖ್ಯಸ್ಥರನ್ನಾಗಿ ಮಾಡಿದ್ದು. ಎರಡು ವಾರದಲ್ಲಿ ಅವರ ಪಟ್ಟಿ ಇಮೇಲಿನಲ್ಲಿ ಬಂತು. ಎರಡು ಕಾಲಮ್ಮುಗಳು. ಎಡಗಡೆ ಕಾರು ಓಡಿಸುವವರು, ಬಲಗಡೆ ಕರೆತರಬೇಕಾದವರು. ಎಡಗಡೆಯ ಕಾಲಮ್ಮಿನಲ್ಲಿ ಗಿರಿಜಾಳ ಹೆಸರಿತ್ತು. ನನ್ನ ಹೆಸರಿರಲಿಲ್ಲ. ಬಿಟ್ಟುಹೋಗಿದೆ ಎಂದುಕೊಂಡು ಮತ್ತೊಮ್ಮೆ ನೋಡಿದೆ. ಇತ್ತು. ಬಲಗಡೆ, ಹನ್ನೆರಡನೆಯವನು, ಗಂಗಕ್ಕನ ಕೆಳಗೆ. ಮುಂದೆ ಒಂದು ಟಿಪ್ಪಣಿ: "ಹೊರಡುವ ಒಂದು ಗಂಟೆ ಮೊದಲು ಫೋನ್ ಮಾಡಿ ನೆನಪಿಸಬೇಕು."

ಸಂಕ್ರಾಂತಿಯ ಕಾರ್ಯಕ್ರಮದ ದಿನ ಸರೋಜಮ್ಮನವರ ಮನೆಯ ಮುಂದೆ ಎರಡು ಕಾರು ಬಂದು ನಿಂತಿದ್ದವಂತೆ, ಐಕ್ಯದ್ದೊಂದು, ಸೌಹಾರ್ದದ್ದೊಂದು. ಇಬ್ಬರೂ ತಮ್ಮ ಪಾಳಿಯೆಂದರಂತೆ. ಅವರು ಒಂದರಲ್ಲಿ ತಾವು ಕೂತು, ಇನ್ನೊಂದರಲ್ಲಿ ಎಳ್ಳುಬೆಲ್ಲದ ಚೀಲ ಇಟ್ಟರಂತೆ.

ನಮ್ಮ ಮನೆಯ ಮುಂದೆ ಗಿರಿಜಾ ಕಾರು ಹೊರಗೆ ತೆಗೆದಳು. ಮುಂದಿನ ಸೀಟು ಮೇಷ್ಟ್ರಿಗೆಂದು ಪಟ್ಟಿಯಲ್ಲೇ ಬರೆದಿತ್ತು. ಅವರ ಮನೆ ಹಾದಿಯಲ್ಲೇ. ನಾನು ನಡುವಿನ ಸಾಲಿನ ಬಾಗಿಲು ತೆಗೆದು ಕೂಡಲು ಹೋದೆ. ಅಲ್ಲಿ ನೀಟಾಗಿ ಮಡಿಸಿದ ಉಣ್ಣೆಯ ಶಾಲೊಂದು ಕೂತಿತ್ತು. ಅದಕ್ಕೆ ಸೀಟ್‌ಬೆಲ್ಟು ಹಾಕಿತ್ತು.

"ಅಲ್ಲಿ ಕೂಡಬ್ಯಾಡ್ರಿ" ಎಂದಳು ಗಿರಿಜಾ ಕನ್ನಡಿಯಲ್ಲಿ ನೋಡುತ್ತಾ. "ಅದು ಗಂಗಕ್ಕನ ಶಾಲು. ಮುಂಜಾನೆ ಹೋಗಿ ತಂದೀನಿ. ಒಂಬತ್ತು ಗಂಟೆಯಿಂದ ಪ್ರಯಾಣದಾಗ ಐತಿ. ನೀವು ಹಿಂದ ಹೋಗ್ರಿ."

ನಾನು ಹಿಂದೆ ಹೋಗಿ ಕೂತೆ.